ಮೊಕದ್ದಮೆ ಬಿದ್ದ ಮೇಲೂ ಬೆಂಬಲ ಹೆಚ್ಚಿದ್ದೇಕೆ?

ಕ್ರಿಮಿನಲ್ ಕೇಸು ಬಿದ್ದಾಗ ಟ್ರಂಪ್ ಬೆಂಬಲಿಗರು ದೂರ ಸರಿಯುವ ಬದಲು ಇನ್ನಷ್ಟು ಹತ್ತಿರವಾದರಲ್ಲ, ಜನರಿಗೆ ತಪ್ಪು-ಸರಿ ಬೇಡವೇ ಎಂದು ಕೇಳಿದ್ದೀರಿ. ಬೇಕು, ಖಂಡಿತ ಬೇಕು. ಆದರೆ ಅವರಲ್ಲಿ ಬಹಳಷ್ಟು ಜನ ನೋಡಿದ್ದು ಆರೋಪವನ್ನಲ್ಲ, ಆರೋಪ ಹೊರಿಸಿದವರನ್ನು.

2023ರ ಮಾರ್ಚ್ 30ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿ (ಕೇಸು ಹೂಡಲು ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ) ದೋಷಾರೋಪಕ್ಕೆ ಒಪ್ಪಿಗೆ ಕೊಟ್ಟಿತು. ವ್ಯವಹಾರದ ದಾಖಲೆಗಳಲ್ಲಿ ಸುಳ್ಳು ಬರೆಸಿದರೆಂಬ 34 ಆರೋಪಗಳು. ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರ ಮೇಲೆ ಅಂಥ ಮೊಕದ್ದಮೆ ಅದೇ ಮೊದಲು. ಅಲ್ಲಿ ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರನ್ನೂ ಮತ ಹಾಕಿಯೇ ಆರಿಸುತ್ತಾರೆ. ಈ ಕೇಸು ಹೂಡಿದ, ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್‌ನ ಆಲ್ವಿನ್ ಬ್ರ್ಯಾಗ್ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದವರು. ಟ್ರಂಪ್ ಪಕ್ಷದವರಾದ ರಿಪಬ್ಲಿಕನ್ನರ ಕಣ್ಣಿಗೆ ಇಡೀ ಪ್ರಕರಣ ಸೇಡಿನಂತೆ ಕಾಣಲು ಅಷ್ಟೇ ಸಾಕಾಯಿತು. ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕೆಂದು ಪಕ್ಷದ ಮತದಾರರನ್ನು ಕೇಳಿದ ಸಮೀಕ್ಷೆಗಳಲ್ಲಿ ಟ್ರಂಪ್ ಮುನ್ನಡೆ ಹಿಗ್ಗಿತು, ದೇಣಿಗೆಯೂ ಹರಿದುಬಂತು. 2024ರ ಮೇ 30ರಂದು 12 ಜನರ ಜ್ಯೂರಿ ಅಷ್ಟೂ ಆರೋಪಗಳಲ್ಲಿ ತಪ್ಪಿತಸ್ಥರೆಂದಿತು. ನವೆಂಬರಿನಲ್ಲಿ ಅವರು ಚುನಾವಣೆ ಗೆದ್ದರು. ಬೆಲೆ ಏರಿಕೆಯ ಸಿಟ್ಟೂ ಆ ಮತಗಳಲ್ಲಿತ್ತು, ಅದನ್ನು ಮರೆಯಬೇಡಿ.

ನನ್ನನ್ನು ನಿಜಕ್ಕೂ ಕಲಕಿದ್ದು ದಕ್ಷಿಣ ಆಫ್ರಿಕಾ. 2021ರ ಜುಲೈನಲ್ಲಿ ಮಾಜಿ ಅಧ್ಯಕ್ಷ ಜೇಕಬ್ ಜುಮಾ ನ್ಯಾಯಾಂಗ ನಿಂದನೆಗಾಗಿ 15 ತಿಂಗಳ ಶಿಕ್ಷೆ ಅನುಭವಿಸಲು ಜೈಲಿಗೆ ಹೋದರು. ಅವರ ತವರು ಪ್ರಾಂತ್ಯ ಕ್ವಾಜುಲು-ನಟಾಲ್‌ನಲ್ಲಿ ಶುರುವಾದ ಪ್ರತಿಭಟನೆ ಲೂಟಿಗೆ ತಿರುಗಿ ಗೌಟೆಂಗ್ ಪ್ರಾಂತ್ಯಕ್ಕೂ ಹಬ್ಬಿತು. 300ಕ್ಕೂ ಹೆಚ್ಚು ಜನ ಸತ್ತರು. ಬೀದಿಗಿಳಿದವರೆಲ್ಲ ಜುಮಾ ಭಕ್ತರಲ್ಲ, ಕೊರೋನಾ ಕಾಲದ ಹಸಿವು ಮತ್ತು ನಿರುದ್ಯೋಗವೂ ಅವರನ್ನು ಹೊರಗೆ ತಂದಿತ್ತು. ಹಾಗಾಗಿ ಇಂಥ ಗುಂಪನ್ನು ಕಂಡಾಗ ‘ಕುರುಡು ಅಭಿಮಾನ’ ಎಂದು ಷರಾ ಬರೆಯಲು ನನಗೆ ಮನಸ್ಸಾಗುವುದಿಲ್ಲ.