ಮೇಜಿ ಕಾಲದ ಜಪಾನಿನ ಧರ್ಮ ಇಲಾಖೆಯನ್ನು ನಮ್ಮ ಮುಜರಾಯಿ ಜೊತೆ ಹೋಲಿಸಬಹುದಾ?

ನಿಮ್ಮ ಪ್ರಬಂಧದಲ್ಲಿ ಹಾಗೆ ಹೋಲಿಸಬೇಡಿ. ನನ್ನ ಎಂಎ ಪ್ರಬಂಧದಲ್ಲಿ ನಾನು ಮಾಡಿದ್ದು ಇದನ್ನೇ. ಒಂದು ವರ್ಷ ಕೈಬಿಟ್ಟು ಹೋಯಿತು.

ನಾನು ಶುರು ಮಾಡಿದ್ದು ಮೇಜಿ ಚಕ್ರವರ್ತಿಯ ಕಾಲ ಆರಂಭವಾದ 1868ರಿಂದ. ಅಲ್ಲಿಯವರೆಗೆ ಒಂದೇ ಆವರಣದಲ್ಲಿ ಜಪಾನಿನ ಮೂಲ ಧರ್ಮವಾದ ಶಿಂಟೋದ ದೇವರಿಗೂ ಬುದ್ಧನಿಗೂ ಪೂಜೆ ನಡೆಯುತ್ತಿತ್ತು. ಹೊಸ ಸರ್ಕಾರ ಎರಡನ್ನೂ ಬೇರೆ ಮಾಡಿ ಎಂದು ಆದೇಶ ಹೊರಡಿಸಿತು. ಕಾಮಕುರದ ಹಚಿಮಾನ್ ದೇಗುಲದ ಬೌದ್ಧ ಕಟ್ಟಡಗಳನ್ನು 1870ರಲ್ಲಿ ಕೆಡವಿದರು. ಅದನ್ನು ಓದಿ ನನಗೆ ತುಂಬಾ ಸಂಕಟವಾಗಿತ್ತು. ಕಟ್ಟಡ, ಮೂರ್ತಿ, ಜಮೀನು ಇಷ್ಟರಲ್ಲೇ ಮುಳುಗಿಬಿಟ್ಟೆ.

ತಪ್ಪಾಗಿದ್ದು ಒಂದೇ ಒಂದು ಪದದಲ್ಲಿ. 1872ರಲ್ಲಿ ಕ್ಯೋಬುಶೋ ಎಂಬ ಇಲಾಖೆ ಬಂತು. ಆ ಹೆಸರಿನ 'ಕ್ಯೋ' ಅಂದರೆ ಬೋಧನೆ. ನಾನು ಅದನ್ನು ಸುಮ್ನೆ 'ಧರ್ಮ ಇಲಾಖೆ' ಅಂತ ಕನ್ನಡಕ್ಕೆ ತಂದೆ. ಮುಂದಿನ ಸಾಲಿನಲ್ಲೇ 'ನಮ್ಮ ಮುಜರಾಯಿಯಂಥದ್ದು' ಅಂತ ಸೇರಿಸಿದೆ. ಆ ಸಾಲು ಬರೆದ ಮೇಲೆ ನನ್ನ ಓದೆಲ್ಲ ಅದರ ಹಿಂದೆಯೇ ಹೋಯಿತು. ಮುಜರಾಯಿ ಅಂದರೆ ನಮಗೆ ಹುಂಡಿ ಎಣಿಕೆ, ತಸ್ತಿಕ್, ಜೀರ್ಣೋದ್ಧಾರ ಅಲ್ವಾ? ಜಪಾನಿನಲ್ಲೂ ಅವನ್ನೇ ಹುಡುಕಿದೆ. ಉಪದೇಶದ ಬಗ್ಗೆ ಇದ್ದ ಜೆರಾಕ್ಸ್ ಪುಟಗಳಿಗೆಲ್ಲ ಒಂದು ಕ್ಲಿಪ್ ಹಾಕಿ, ಮೇಲೆ 'ಆಮೇಲೆ' ಅಂತ ಬರೆದು ಪಕ್ಕಕ್ಕಿಟ್ಟೆ. ಆ ಕ್ಲಿಪ್ ವೈವಾ ದಿನದವರೆಗೂ ಬಿಚ್ಚಲಿಲ್ಲ. ನನ್ನ ವಿಷಯ ಪೂರ್ತಿ ಇದ್ದದ್ದು ಅದರಲ್ಲೇ.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. "ಅರ್ಚಕರು ಭಕ್ತರಿಗೆ ಏನು ಉಪದೇಶ ಮಾಡಬೇಕು ಅಂತ ಮುಜರಾಯಿ ತಹಶೀಲ್ದಾರ್ರು ಬರೆದುಕೊಡ್ತಾರೇನ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕ್ಯೋಬುಶೋ ಬರೆದುಕೊಡುತ್ತಿತ್ತು! ಮೂರು ಸೂತ್ರ: ದೇವರುಗಳನ್ನು ಗೌರವಿಸಿ ದೇಶವನ್ನು ಪ್ರೀತಿಸಿ, ದೈವ ನಿಯಮವನ್ನೂ ಮನುಷ್ಯ ಧರ್ಮವನ್ನೂ ತಿಳಿಸಿ, ಚಕ್ರವರ್ತಿಗೆ ವಿಧೇಯರಾಗಿರಿ. ಇದನ್ನು ಊರೂರಿಗೆ ಹೇಳಲು ಬೋಧಕರನ್ನು ನೇಮಿಸಿದರು. ಶಿಂಟೋ ಪುರೋಹಿತರನ್ನು ಮಾತ್ರ ಅಲ್ಲ, ಬೌದ್ಧ ಭಿಕ್ಷುಗಳನ್ನೂ, ಕಥೆ ಹೇಳುವವರನ್ನೂ. 1873ರಲ್ಲಿ ಇವರ ಮುಖ್ಯ ಕೇಂದ್ರ ಟೋಕಿಯೋದ ಜೋಜೋಜಿಗೆ ಬಂತು. ಅದು ದೊಡ್ಡ ಬೌದ್ಧ ಮಂದಿರ. ಅಲ್ಲಿ ಸೂರ್ಯದೇವತೆ ಅಮತೆರಸು ಸೇರಿ ನಾಲ್ಕು ಶಿಂಟೋ ದೇವರನ್ನು ಕೂರಿಸಿದರು. ಭಿಕ್ಷುಗಳು ಅವುಗಳ ಮುಂದೆ ಶಿಂಟೋ ಪದ್ಧತಿಯಂತೆ ಚಪ್ಪಾಳೆ ತಟ್ಟಿ ಕೈಮುಗಿಯಬೇಕಾಯಿತು.

ನೀವು ಕೊನೆಯಲ್ಲಿ "ಇಲ್ಲದಿದ್ರೆ ಶಿಂಟೋ ಗೆದ್ದಿತು, ಬೌದ್ಧ ಧರ್ಮ ಸೋತಿತು ಅಂತ ಬರೆಯಲಾ?" ಅಂತಾನೂ ಕೇಳಿದ್ದೀರಿ. ಅದೂ ಬೇಡ. ಇಂಥ ಕೇಂದ್ರ ಬೇಕು ಅಂತ ಅರ್ಜಿ ಹಾಕಿದವರೇ ಬೌದ್ಧ ಪಂಥಗಳು. ಒಳಗೆ ಸೇರಿಕೊಂಡರೆ ಉಳಿಯುತ್ತೇವೆ ಅಂದುಕೊಂಡಿದ್ದರು. ವಿರೋಧ ಬಂದದ್ದೂ ಬೌದ್ಧರಿಂದಲೇ. ಯುರೋಪ್ ಪ್ರವಾಸದಲ್ಲಿದ್ದ ಶಿಮಾಜಿ ಮೊಕುರಾಯ್ ಎಂಬ, ಶಿನ್‌ಶು ಅನ್ನುವ ಬೌದ್ಧ ಪಂಥದ ಭಿಕ್ಷು ಮೂರು ಸೂತ್ರಗಳನ್ನು ಟೀಕಿಸಿ, ರಾಜಕೀಯ ಬೇರೆ, ಧರ್ಮ ಬೇರೆ ಅಂತ ಮನವಿ ಬರೆದರು. 1875ರಲ್ಲಿ ಶಿನ್‌ಶು ಪಂಥದವರು ಹೊರಬಂದರು, ಕೇಂದ್ರ ಮುಚ್ಚಿತು. 1877ರಲ್ಲಿ ಇಲಾಖೆಯೂ ಹೋಯಿತು. ಬೋಧಕರ ಹುದ್ದೆ ಮಾತ್ರ 1884ರವರೆಗೆ ಎಳೆಯಿತು.

ನನ್ನ ಪ್ರಬಂಧ ವಾಪಸ್ ಬಂತು. ಮತ್ತೆ ಬರೆದು ಕೊಡುವಷ್ಟರಲ್ಲಿ, ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದ ಅತಿಥಿ ಉಪನ್ಯಾಸಕರ ಕೆಲಸ ಬೇರೆಯವರಿಗೆ ಹೋಗಿತ್ತು. ಈಗಲೂ ಅದು ನೆನಪಾದರೆ ನೋವಾಗುತ್ತೆ.

ಹಾಗಾಗಿ 1872ರಿಂದ 1875, ಈ ಮೂರು ವರ್ಷ ಮಾತ್ರ ತೆಗೆದುಕೊಳ್ಳಿ. ಮೂರು ಸೂತ್ರಗಳನ್ನು ಮೊದಲ ಪುಟದಲ್ಲೇ ಹಾಕಿ. ಹೋಲಿಕೆ ಬೇಕೇ ಬೇಕು ಅಂದ್ರೆ ಜಪಾನನ್ನು ಜಪಾನಿನ ಜೊತೆಗೇ ಹೋಲಿಸಿ. ಸರ್ಕಾರ ಧಾರ್ಮಿಕ ಶಿಕ್ಷಣ ಕೊಡಬಾರದು ಅಂತ 1947ರಲ್ಲಿ ಜಾರಿಗೆ ಬಂದ ಅವರ ಸಂವಿಧಾನದ 20ನೇ ವಿಧಿ ಹೇಳುತ್ತೆ. ಸಿನಾಪ್ಸಿಸ್ ಇನ್ನೂ ಗೈಡ್ ಕೈಗೆ ಕೊಟ್ಟಿಲ್ಲ ತಾನೇ? ಇವತ್ತೇ ಶೀರ್ಷಿಕೆಯಿಂದ ಮುಜರಾಯಿ ಪದ ತೆಗೆದುಬಿಡಿ.