ಟ್ರಕ್ ಗಾಳಿಯಲ್ಲಿದ್ದಾಗ ಬೆರಳು ಎಲ್ಲಿರಬೇಕು? ಆರ್‌ಸಿ ಮಾನ್‌ಸ್ಟರ್ ಟ್ರಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಆರ್‌ಸಿ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಚಿಕ್ಕ ಮಾನ್‌ಸ್ಟರ್ ಟ್ರಕ್ (ದೈತ್ಯ ಟೈರ್‌ಗಳ ಟ್ರಕ್ಕಿನ ಮಾದರಿ) ಕಟ್ಟುವ, ಓಡಿಸುವ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆ. ತುಂಬಾ ಬಂದಿವೆ, ಖುಷಿಯಾಯಿತು. ಹೆಚ್ಚಿನವರು ಕೇಳಿದ್ದು ಒಂದೇ: ಯಾವ ಮೋಟಾರ್ ಹಾಕಿದರೆ ಜಾಸ್ತಿ ಸ್ಪೀಡ್ ಬರುತ್ತದೆ? ಇದಕ್ಕೆ ಬೇರೆ ಉತ್ತರ ಬರೆಯುವುದಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಮೋಟಾರ್ ಕೊನೆಗೆ ಬದಲಾಯಿಸಿ. ಮೊದಲು ತೂಕ, ಆಮೇಲೆ ಸ್ಟೀರಿಂಗ್, ಆಮೇಲೆ ಶಾಕ್ (ಏಟು ಹೀರುವ ಸ್ಪ್ರಿಂಗ್, ಆಯಿಲ್ ಇರುವ ಭಾಗ), ಇವೆಲ್ಲ ಸರಿ ಇದ್ದು ಕೈಯೂ ಪಳಗಿದ ಮೇಲೆ ಮೋಟಾರ್. ಕೆಳಗಿನ ಉತ್ತರಗಳನ್ನು ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ರೆಡಿ ಟ್ರಕ್ ಎರಡು ವರ್ಷ ಓಡಿಸಿದ್ದೇನೆ. ಈಗ ಸ್ವಂತದ್ದು ಕಟ್ಟಬೇಕು ಅನ್ನುವ ಆಸೆ. ಎಲ್ಲಿಂದ ಶುರು ಮಾಡಲಿ?

ಆಕ್ಸಲ್‌ನಿಂದ, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಅಚ್ಚಿನಿಂದ. ಚಾಸಿ (ಟ್ರಕ್ಕಿನ ಚೌಕಟ್ಟು) ನೋಡಲು ಚೆಂದ ಇರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಮೊದಲು ತರುತ್ತಾರೆ. ಆದರೆ ಲಿಂಕ್‌ನ (ಆಕ್ಸಲ್ ಅನ್ನು ಚಾಸಿಗೆ ಸೇರಿಸುವ ಕಡ್ಡಿ) ಉದ್ದ, ಟೈರ್‌ನ ಅಳತೆ, ಶಾಕ್ ನಿಲ್ಲುವ ಜಾಗ ಎಲ್ಲವನ್ನೂ ತೀರ್ಮಾನ ಮಾಡುವುದು ಆಕ್ಸಲ್.

ನಿಜವಾದ ಮಾನ್‌ಸ್ಟರ್ ಟ್ರಕ್ಕಿನ ಹಾಗೆ ಕಾಣಬೇಕು, ಹಾಗೇ ಓಡಬೇಕು ಅಂದರೆ ಎಡದಿಂದ ಬಲಕ್ಕೆ ಒಂದೇ ತುಂಡಾಗಿರುವ ಸಾಲಿಡ್ ಆಕ್ಸಲ್ ಬೇಕು. ಅದರಲ್ಲಿ ಎರಡು ದಾರಿ ಇವೆ. ಒಂದು, ತಮಿಯಾ ಕಂಪನಿಯ ಕ್ಲಾಡ್ ಬಸ್ಟರ್ ತರಹ ಪ್ರತಿ ಆಕ್ಸಲ್ ಮೇಲೂ ಒಂದೊಂದು ಮೋಟಾರ್. ಇನ್ನೊಂದು, ಆಕ್ಸಿಯಲ್ ಕಂಪನಿಯ ಎಸ್‌ಎಂಟಿ 10 ಅಥವಾ ಲೋಸಿ ಕಂಪನಿಯ ಎಲ್‌ಎಂಟಿ ತರಹ ನಡುವೆ ಒಂದೇ ಮೋಟಾರ್, ಅಲ್ಲಿಂದ ಎರಡೂ ಆಕ್ಸಲ್‌ಗೆ ಶಾಫ್ಟ್. ಮೊದಲ ಸಲ ಕಟ್ಟುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಒಂದು ಮೋಟಾರ್, ಒಂದು ಇಎಸ್‌ಸಿ (ಮೋಟಾರ್‌ನ ಸ್ಪೀಡ್ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ವೈರಿಂಗ್ ಸುಲಭ.

ಅಳತೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ದೊಡ್ಡ ಟ್ರಕ್ಕಿನ ಟೈರ್ 66 ಇಂಚು ಎತ್ತರ. ಹತ್ತನೇ ಒಂದು ಅಳತೆಗೆ ಇಳಿಸಿದರೆ 6.6 ಇಂಚು, ಅಂದರೆ 16.8 ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲಿ ಒಂದಾದಾಗ ತೂಕ ಸಾವಿರದಲ್ಲಿ ಒಂದಾಗುತ್ತದೆ. ಸುಮಾರು 5,400 ಕಿಲೋ ತೂಗುವ ಟ್ರಕ್ 5.4 ಕಿಲೋಗೆ ಇಳಿಯುತ್ತದೆ. ರೇಸ್‌ಗೆ ಅಷ್ಟು ಭಾರ ಬೇಡ. ಇರುವ ತೂಕವನ್ನು ಎಷ್ಟು ಕೆಳಗೆ ಕೂರಿಸುತ್ತೀರಿ ಅನ್ನುವುದೇ ಮುಖ್ಯ. ಬ್ಯಾಟರಿ ಚಾಸಿಯ ತಳದಲ್ಲಿರಲಿ, ಮೇಲುಗಡೆ ಬಾಡಿ, ರೋಲ್ ಕೇಜ್ ಎಲ್ಲ ಹಗುರವಾಗಿರಲಿ.

ಪ್ರಶ್ನೆ: ದಿಬ್ಬದಿಂದ ಹಾರಿದಾಗಲೆಲ್ಲ ಟ್ರಕ್ ಮೂಗು ಕೆಳಗೆ ಮಾಡಿ ಬೀಳುತ್ತದೆ. ಬ್ಯಾಟರಿ ಹಿಂದಕ್ಕೆ ಸರಿಸಿದೆ, ಸ್ಪ್ರಿಂಗ್ ಬದಲಾಯಿಸಿದೆ, ಏನೂ ಆಗಲಿಲ್ಲ. ಎರಡು ಬಾಡಿ ಒಡೆದವು.

ನೀವು ಬರೆದದ್ದು ನೋಡಿದರೆ ತೊಂದರೆ ಟ್ರಕ್‌ನಲ್ಲಿ ಇಲ್ಲ ಅನಿಸುತ್ತದೆ. ದಿಬ್ಬದ ತುದಿ ಬಂದ ಕೂಡಲೇ ನೀವು ರಿಮೋಟ್‌ನ ಟ್ರಿಗರ್ ಬಿಡುತ್ತಿದ್ದೀರಿ ಅಲ್ವಾ? ಹೊಸಬರೆಲ್ಲ ಹಾಗೇ ಮಾಡುತ್ತಾರೆ, ಭಯಕ್ಕೆ ಬೆರಳು ತಾನಾಗಿ ಸಡಿಲವಾಗುತ್ತದೆ.

ಆಗ ಏನಾಗುತ್ತದೆ ನೋಡಿ. ನಾಲ್ಕು ದೊಡ್ಡ ಟೈರ್‌ಗಳು ಮುಂದಕ್ಕೆ ತಿರುಗುತ್ತಿವೆ. ಟ್ರಕ್ ನೆಲ ಬಿಟ್ಟಿದೆ, ಹಿಡಿದುಕೊಳ್ಳಲು ಏನೂ ಇಲ್ಲ. ಈಗ ಬ್ರೇಕ್ ಹಾಕಿದರೆ ಟೈರ್‌ನ ತಿರುಗುವಿಕೆ ಎಲ್ಲಿಗೂ ಮಾಯವಾಗುವುದಿಲ್ಲ, ಅದು ಇಡೀ ಟ್ರಕ್ಕಿಗೆ ಬರುತ್ತದೆ. ಟೈರ್ ತಿರುಗುತ್ತಿದ್ದ ದಿಕ್ಕಿಗೇ ಟ್ರಕ್ ತಿರುಗುತ್ತದೆ. ಅಂದರೆ ಮೂಗು ಕೆಳಗೆ. ಥ್ರಾಟಲ್ ಕೊಟ್ಟರೆ, ಅಂದರೆ ಟ್ರಿಗರ್ ಒತ್ತಿದರೆ, ಇದರ ಉಲ್ಟಾ: ಟೈರ್ ಇನ್ನೂ ಜೋರಾಗಿ ಮುಂದಕ್ಕೆ ಸುತ್ತುತ್ತದೆ, ಟ್ರಕ್ ಹಿಂದಕ್ಕೆ ವಾಲುತ್ತದೆ, ಮೂಗು ಮೇಲೆ ಬರುತ್ತದೆ. ನಮ್ಮ ಟೈರ್‌ಗಳು ಟ್ರಕ್ಕಿನ ಮೈಗೆ ಹೋಲಿಸಿದರೆ ತುಂಬಾ ಭಾರ, ಅದಕ್ಕೇ ಚಿಕ್ಕ ಕಾರುಗಳಿಗಿಂತ ಮಾನ್‌ಸ್ಟರ್ ಟ್ರಕ್‌ನಲ್ಲಿ ಇದು ಜೋರಾಗಿ ಕಾಣುತ್ತದೆ. ಇನ್ನು, ತುಂಬಾ ಇಎಸ್‌ಸಿಗಳಲ್ಲಿ ಡ್ರ್ಯಾಗ್ ಬ್ರೇಕ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದ್ದರೆ ನೀವು ಟ್ರಿಗರ್ ಬಿಟ್ಟರೆ ಸಾಕು, ಅದೇ ಬ್ರೇಕ್ ಹಾಕಿಬಿಡುತ್ತದೆ. ಮೊದಲು ಅದನ್ನು ಸೊನ್ನೆಗೆ ಇಳಿಸಿ.

ಇದೆಲ್ಲ ಮಾಡಲು ನಿಮಗೆ ಸಿಗುವ ಸಮಯ ಎಷ್ಟು ಗೊತ್ತೇ? ಮೂರು ಮೀಟರ್ ಎತ್ತರದಿಂದ ದೊಡ್ಡ ಟ್ರಕ್ ಬೀಳಲು ಸುಮಾರು 0.78 ಸೆಕೆಂಡ್ ಬೇಕು. ನಮ್ಮ ಟ್ರಕ್ ಅದರ ಹತ್ತನೇ ಒಂದು, 30 ಸೆಂಟಿಮೀಟರ್ ಎತ್ತರದಿಂದ ಬೀಳಲು ಬೇಕಾಗುವುದು ಬರೀ 0.25 ಸೆಕೆಂಡ್. ಟ್ರಕ್ ಚಿಕ್ಕದಾಯಿತು ಅಂತ ಭೂಮಿಯ ಸೆಳೆತ ಚಿಕ್ಕದಾಗುವುದಿಲ್ಲ. ನಾವು ಕಣ್ಣಲ್ಲಿ ನೋಡಿ, ಮೂಗು ಇಳಿಯುತ್ತಿದೆ ಅಂತ ಅರಿತು, ಬೆರಳು ಒತ್ತುವ ಹೊತ್ತಿಗೆ ಟ್ರಕ್ ನೆಲದಲ್ಲಿರುತ್ತದೆ. ಹಾಗಾಗಿ ತೀರ್ಮಾನ ದಿಬ್ಬ ಹತ್ತುವಾಗಲೇ ಆಗಿರಬೇಕು. ತುದಿಯ ತನಕ ಒಂದೇ ಸಮನಾಗಿ ಥ್ರಾಟಲ್ ಹಿಡಿಯಿರಿ, ಬಿಡಬೇಡಿ, ಜಾಸ್ತಿಯೂ ಮಾಡಬೇಡಿ. ಟ್ರಕ್ ಸಮನಾಗಿ ಹಾರುತ್ತದೆ. ಇದು ಕೈಗೆ ಬಂದ ಮೇಲೆ ಗಾಳಿಯಲ್ಲಿ ಚೂರು ಥ್ರಾಟಲ್, ಚೂರು ಬ್ರೇಕ್ ಪ್ರಯೋಗ ಮಾಡಿ.

ಇನ್ನೊಂದು ಮಾತು. ಪೂರ್ತಿ ಥ್ರಾಟಲ್ ಒತ್ತಿಕೊಂಡೇ ನೆಲಕ್ಕೆ ಇಳಿಯಬೇಡಿ. ಹುಚ್ಚೆದ್ದು ತಿರುಗುತ್ತಿರುವ ಟೈರ್ ನೆಲಕ್ಕೆ ತಾಗಿ ಒಂದೇ ಸಲ ಹಿಡಿತ ಸಿಕ್ಕಾಗ ಅದರ ಏಟೆಲ್ಲ ಗೇರ್‌ಗೆ, ಶಾಫ್ಟ್‌ಗೆ ಬೀಳುತ್ತದೆ. ನಾನು ಶುರುವಿನಲ್ಲಿ ಕಳೆದುಕೊಂಡ ಗೇರ್‌ಗಳಲ್ಲಿ ಹೆಚ್ಚಿನವು ಹೋಗಿದ್ದು ಹೀಗೇ. ಆಗ ಗೇರ್ ಕಳಪೆ ಅಂದುಕೊಂಡು ಗಟ್ಟಿಯಾದದ್ದು ಹಾಕಿದೆ, ಮುಂದಿನ ವಾರ ಶಾಫ್ಟ್ ಮುರಿಯಿತು.

ಪ್ರಶ್ನೆ: ಥ್ರಾಟಲ್ ಒತ್ತಿದ ಕೂಡಲೇ ಟ್ರಕ್ ಒಂದು ಪಕ್ಕಕ್ಕೆ ವಾಲಿ ಮುಂದಿನ ಒಂದು ಚಕ್ರ ಎದ್ದುಬಿಡುತ್ತದೆ. ಚಾಸಿ ಸೊಟ್ಟ ಆಗಿದೆಯೇ?

ಚಾಸಿ ಸರಿಯಾಗೇ ಇರುತ್ತದೆ. ಇದನ್ನು ಟಾರ್ಕ್ ಟ್ವಿಸ್ಟ್ ಅನ್ನುತ್ತಾರೆ. ನಡುವಿನ ಮೋಟಾರ್‌ನಿಂದ ಆಕ್ಸಲ್‌ಗೆ ಹೋಗುವ ಶಾಫ್ಟ್ ಟ್ರಕ್ಕಿನ ಉದ್ದಕ್ಕೆ ತಿರುಗುತ್ತದೆ, ಅಲ್ವಾ? ಅದು ಆಕ್ಸಲ್ ಅನ್ನು ಒಂದು ಕಡೆಗೆ ತಿರುಚಲು ನೋಡಿದರೆ ಚಾಸಿ ಇನ್ನೊಂದು ಕಡೆಗೆ ವಾಲುತ್ತದೆ. ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಜಾಸ್ತಿ ಕಾಣುತ್ತದೆ. ಕ್ಲಾಡ್ ಬಸ್ಟರ್ ತರಹದ ಟ್ರಕ್‌ಗಳಲ್ಲಿ ಈ ಉದ್ದ ಶಾಫ್ಟೇ ಇಲ್ಲ, ಹಾಗಾಗಿ ಈ ಕಾಟವೂ ಇಲ್ಲ. ಅದಕ್ಕೆ ಬದಲಾಗಿ ಅಲ್ಲಿ ಮೋಟಾರ್‌ನ ತೂಕ ಆಕ್ಸಲ್ ಮೇಲೇ ಕೂತು, ಏರುಪೇರಿನ ನೆಲದಲ್ಲಿ ಚಕ್ರ ಜಾಸ್ತಿ ಕುಪ್ಪಳಿಸುತ್ತದೆ.

ಮೊದಲು ಇಎಸ್‌ಸಿಯಲ್ಲಿ ಪಂಚ್ (ಶುರುವಿನಲ್ಲಿ ಎಷ್ಟು ಜೋರಾಗಿ ನುಗ್ಗಬೇಕು ಅನ್ನುವ ಸೆಟ್ಟಿಂಗ್) ಕಡಿಮೆ ಮಾಡಿ. ಆಮೇಲೆ ಆಂಟಿ ರೋಲ್ ಬಾರ್ (ಪಕ್ಕಕ್ಕೆ ವಾಲುವುದನ್ನು ತಡೆಯುವ ಕಂಬಿ) ಹಾಕಿ, ಒಂದು ಆಕ್ಸಲ್‌ಗೆ ಹಾಕಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ನಾಲ್ಕೂ ಸ್ಪ್ರಿಂಗ್ ಗಟ್ಟಿ ಮಾಡುವುದು ಕೊನೆಯ ದಾರಿ, ಯಾಕೆಂದರೆ ಅದರಿಂದ ಟ್ರಕ್ ಪುಟಿಯಲು ಶುರುವಾಗುತ್ತದೆ.

ಪುಟಿಯುವುದರ ಬಗ್ಗೆ ಇನ್ನೂ ಇಬ್ಬರು ಕೇಳಿದ್ದಾರೆ, ಅದನ್ನೂ ಇಲ್ಲೇ ಸೇರಿಸುತ್ತೇನೆ. ಬ್ಯಾಟರಿ ಸಮೇತ ಟ್ರಕ್ಕನ್ನು 30 ಸೆಂಟಿಮೀಟರ್ ಎತ್ತರದಿಂದ ನಾಲ್ಕೂ ಚಕ್ರ ಒಟ್ಟಿಗೆ ತಾಗುವ ಹಾಗೆ ಬಿಡಿ. ಹೊಟ್ಟೆ ಧಡ್ ಅಂತ ನೆಲಕ್ಕೆ ಬಡಿದರೆ ಸ್ಪ್ರಿಂಗ್ ಮೆತ್ತಗೆ, ಇಲ್ಲವೇ ಶಾಕ್ ಆಯಿಲ್ ತೆಳು. ಕೂತ ಕೂಡಲೇ ಚಾಸಿ ಮೇಲಕ್ಕೆ ಚಿಮ್ಮಿದರೆ ಆಯಿಲ್ ಇನ್ನೂ ದಪ್ಪ ಬೇಕು. ಚಾಸಿ ಸುಮ್ಮನೆ ಕೂತಿದ್ದರೂ ಟೈರ್ ಮಾತ್ರ ಚೆಂಡಿನ ಹಾಗೆ ಪುಟಿಯುತ್ತಿದ್ದರೆ ಶಾಕ್ ಮುಟ್ಟಬೇಡಿ, ಅದು ಟೈರ್‌ನ ಕೆಲಸ. ಒಳಗಿನ ಫೋಮ್ ಮೆತ್ತಗಿನದು ಹಾಕಿ, ಗಾಳಿ ಹೋಗಿ ಬರಲು ತೂತು ಇದೆಯೇ ನೋಡಿ.

ಪ್ರಶ್ನೆ: ದೊಡ್ಡ ಟೈರ್ ಹಾಕಿದ ಮೇಲೆ ಐದೇ ನಿಮಿಷಕ್ಕೆ ಮೋಟಾರ್ ಮುಟ್ಟಲು ಆಗದಷ್ಟು ಬಿಸಿ. ಮೋಟಾರ್ ಹಾಳಾಗಿದೆಯೇ?

ಇನ್ನೂ ಇಲ್ಲ, ಆದರೆ ಹೀಗೇ ಓಡಿಸಿದರೆ ಆಗುತ್ತದೆ. ನೀವು 12 ಸೆಂಟಿಮೀಟರ್ ಟೈರ್ ತೆಗೆದು 16.5 ಸೆಂಟಿಮೀಟರ್ ಟೈರ್ ಹಾಕಿದ್ದೀರಿ. ಚಕ್ರ ಒಂದು ಸುತ್ತು ತಿರುಗಿದರೆ ಈಗ ಟ್ರಕ್ ಶೇ 37.5ರಷ್ಟು ಜಾಸ್ತಿ ದೂರ ಹೋಗಬೇಕು. ಮೋಟಾರ್‌ಗೆ ಇದು ಅಷ್ಟೇ ದೊಡ್ಡ ಪಿನಿಯನ್ (ಮೋಟಾರ್‌ಗೆ ಹಾಕುವ ಚಿಕ್ಕ ಗೇರ್) ಹಾಕಿದ ಹಾಗೆ. ಮೊದಲು 16 ಹಲ್ಲಿನ ಪಿನಿಯನ್ ಇತ್ತು ಅಂದಿದ್ದೀರಿ, 12 ಹಲ್ಲಿನದಕ್ಕೆ ಇಳಿಸಿ. ಟೈರ್‌ನ ತೂಕವೂ ಹೆಚ್ಚಾಗಿರುವುದರಿಂದ 11 ಆದರೂ ತಪ್ಪಿಲ್ಲ. ಕೂರಿಸುವಾಗ ಪಿನಿಯನ್ ಮತ್ತು ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ನಡುವೆ ಒಂದು ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಬಿಗಿಮಾಡಿ, ಆಮೇಲೆ ಕಾಗದ ಎಳೆದುಬಿಡಿ. ಹಲ್ಲುಗಳ ನಡುವೆ ಸರಿಯಾದ ಸಂದು ಉಳಿಯುತ್ತದೆ.

ಪ್ರಶ್ನೆ: ಅಣ್ಣನ ಹಳೇ ಕ್ಲಾಡ್ ಬಸ್ಟರ್ ಅಟ್ಟದಲ್ಲಿ ಸಿಕ್ಕಿತು. ರೇಸ್‌ಗೆ ಹೊಂದಿಸಬಹುದೇ, ಹಾಗೇ ಇಡಲೇ?

ನನಗೆ ಇದನ್ನು ಓದಿ ತುಂಬಾ ಸಂತೋಷವಾಯಿತು. 1987ರಲ್ಲಿ ಬಂದ ಟ್ರಕ್ ಅದು. ಎರಡು ಮೋಟಾರ್, ನಾಲ್ಕು ಚಕ್ರಕ್ಕೂ ಡ್ರೈವ್, ನಾಲ್ಕು ಚಕ್ರಕ್ಕೂ ಸ್ಟೀರಿಂಗ್. ಇವತ್ತಿಗೂ ಅದೇ ಗೇರ್‌ಬಾಕ್ಸ್ ಇಟ್ಟುಕೊಂಡು ಉಳಿದದ್ದೆಲ್ಲ ಹೊಸದಾಗಿ ಕಟ್ಟಿ ರೇಸ್ ಮಾಡುವವರಿದ್ದಾರೆ. ಬಾಡಿ ಚೆನ್ನಾಗಿದ್ದರೆ ಅದನ್ನು ತೆಗೆದು ಜೋಪಾನವಾಗಿ ಇಡಿ, ಓಡಿಸಲು ಹಗುರವಾದ ಪಾಲಿಕಾರ್ಬೊನೇಟ್ ಬಾಡಿ ಹಾಕಿ.

ಹಳೇ ಮೆಕ್ಯಾನಿಕಲ್ ಸ್ಪೀಡ್ ಕಂಟ್ರೋಲ್ ತೆಗೆದು ಇಎಸ್‌ಸಿ ಹಾಕಿ. ಎರಡು ಮೋಟಾರ್ ಒಂದೇ ಇಎಸ್‌ಸಿಗೆ ಸೇರುವುದರಿಂದ ಎರಡರ ಕರೆಂಟ್ ಕೂಡಿಸಿ ತಡೆಯುವಂಥದ್ದು ಬೇಕು. ಮುಂದಿನ, ಹಿಂದಿನ ಗೇರ್‌ಬಾಕ್ಸ್ ಒಂದೇ ತರಹದವು, ಒಂದನ್ನು ತಿರುಗಿಸಿ ಕೂರಿಸಿದ್ದಾರೆ ಅಷ್ಟೇ. ಹಾಗಾಗಿ ಒಂದು ಮೋಟಾರ್ ಉಲ್ಟಾ ಸುತ್ತಬೇಕು. ಟೈಮಿಂಗ್ ಮುಂದಿಟ್ಟ (ಒಂದೇ ದಿಕ್ಕಿಗೆ ಚೆನ್ನಾಗಿ ಸುತ್ತುವ ಹಾಗೆ ಹೊಂದಿಸಿದ) ರೇಸ್ ಮೋಟಾರ್ ತರುವುದಾದರೆ ಒಂದು ಮಾಮೂಲಿ, ಒಂದು ರಿವರ್ಸ್ ರೊಟೇಶನ್ ಅಂತ ಕೇಳಿ ತನ್ನಿ. ಸುಮ್ನೆ ಒಂದೇ ತರಹದ ಎರಡು ತಂದರೆ ಒಂದು ಮೋಟಾರ್ ಸದಾ ಬಿಸಿಯಾಗುತ್ತದೆ.

ಅದರ ದೊಡ್ಡ ದೌರ್ಬಲ್ಯ ಸ್ಟೀರಿಂಗ್. ಚಾಸಿಯಲ್ಲಿರುವ ಒಂದೇ ಸರ್ವೋ (ಸ್ಟೀರಿಂಗ್ ತಿರುಗಿಸುವ ಮೋಟಾರ್) ಉದ್ದ ಕಡ್ಡಿಗಳಿಂದ ಎರಡೂ ಆಕ್ಸಲ್ ಎಳೆಯುತ್ತದೆ. ಆಕ್ಸಲ್ ಮೇಲೆ ಕೆಳಗೆ ಆದಾಗಲೆಲ್ಲ ಚಕ್ರವೂ ತಾನಾಗಿ ತಿರುಗುತ್ತದೆ. ಪ್ರತಿ ಆಕ್ಸಲ್ ಮೇಲೆ ಒಂದೊಂದು ಸರ್ವೋ ಕೂರಿಸಿ, ಹಿಂದಿನದಕ್ಕೆ ರಿಮೋಟ್‌ನಲ್ಲಿ ಬೇರೆ ಚಾನೆಲ್ ಕೊಡಿ. ನೇರ ಓಟದಲ್ಲಿ ಹಿಂದಿನ ಚಕ್ರ ನೇರವಾಗಿ ನಿಲ್ಲುತ್ತದೆ, ತಿರುವಿನಲ್ಲಿ ಬೇಕಾದಷ್ಟು ತಿರುಗುತ್ತದೆ.

ಪ್ರಶ್ನೆ: ಜೋರಾಗಿ ಸ್ಟೀರಿಂಗ್ ತಿರುಗಿಸಿದಾಗ ಟ್ರಕ್ ಒಂದು ಕ್ಷಣ ಸತ್ತಹಾಗೆ ಆಗಿ ಮತ್ತೆ ಬರುತ್ತದೆ.

ದೊಡ್ಡ ಸರ್ವೋ ಕೇಳುವಷ್ಟು ಕರೆಂಟ್ ಇಎಸ್‌ಸಿಯೊಳಗಿನ ಬಿಇಸಿ (ಸರ್ವೋಗೆ, ರಿಸೀವರ್‌ಗೆ ಕರೆಂಟ್ ಒದಗಿಸುವ ಭಾಗ) ಕೊಡುತ್ತಿಲ್ಲ. ವೋಲ್ಟೇಜ್ ಕುಸಿದು, ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಆಫ್ ಆಗಿ ಮತ್ತೆ ಶುರುವಾಗುತ್ತಿದೆ. ಸರ್ವೋಗೆ ಪ್ರತ್ಯೇಕ ಬಿಇಸಿ ಹಾಕಿ. ಅಲ್ಲಿಯ ತನಕ ಜನ ಇರುವ ಕಡೆ ಓಡಿಸಬೇಡಿ.

ಪ್ರಶ್ನೆ: ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸ್ವಲ್ಪ ಊದಿಕೊಂಡಿದೆ. ಓಡುತ್ತಿದೆ. ಮುಂದುವರಿಸಬಹುದೇ?

ಬೇಡ. ಇವತ್ತೇ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಹಾಕಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು, ಬ್ಯಾಟರಿ ವಿಲೇವಾರಿ ಮಾಡುವವರಿಗೆ ಕೊಡಿ.

ಹೊಸದಕ್ಕೆ ಈ ಅಂಕಿಗಳು ನೆನಪಿರಲಿ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗೆ ಇಳಿಸಲೇಬಾರದು, ಇಎಸ್‌ಸಿ ಕಟಾಫ್ (ಮೋಟಾರ್ ತಾನಾಗಿ ನಿಲ್ಲುವ ವೋಲ್ಟೇಜ್) 3.3ರ ಆಸುಪಾಸು ಇಡಿ. ವಾರಗಟ್ಟಲೆ ಇಡುವುದಾದರೆ 3.8. ಚಾರ್ಜ್ ಮಾಡುವಾಗ 5,000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಸಾಕು, ಪ್ರತಿ ಸಲ ಬ್ಯಾಲೆನ್ಸ್ ಚಾರ್ಜ್ (ಎಲ್ಲ ಸೆಲ್‌ಗೂ ಒಂದೇ ವೋಲ್ಟೇಜ್ ಬರುವ ಹಾಗೆ). ಓಡಿಸಿ ಬಂದ ಬ್ಯಾಟರಿ ಪೂರ್ತಿ ತಣ್ಣಗಾದ ಮೇಲೇ ಚಾರ್ಜ್ ಹಾಕಿ, ಆಗುವ ತನಕ ಅಲ್ಲೇ ಇರಿ. ನಾನೂ ಒಮ್ಮೆ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದೆ. ತೆಗೆದು ನೋಡಿದಾಗ ದಿಂಬಿನ ಹಾಗೆ ಊದಿತ್ತು. ಮನೆಯೊಳಗೆ ಇಟ್ಟಿದ್ದೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪ್ರಶ್ನೆ: ಬಾಡಿಯ ಬಣ್ಣ ಒಂದೇ ದಿನಕ್ಕೆ ಕೆತ್ತಿಹೋಯಿತು.

ಹೊರಗೆ ಬಳಿದಿದ್ದೀರಿ. ಪಾರದರ್ಶಕ ಬಾಡಿಗೆ ಒಳಗಿನಿಂದ ಬಳಿಯಬೇಕು, ಪಾಲಿಕಾರ್ಬೊನೇಟ್‌ಗೆ ಅಂತಲೇ ಇರುವ ಬಣ್ಣ. ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ, ಕೊನೆಗೆ ಹಿಂದಿನಿಂದ ಬಿಳಿ ಅಥವಾ ಕಪ್ಪು.

ಪ್ರಶ್ನೆ: ಎರಡು ಲೇನ್‌ನಲ್ಲಿ ಪಕ್ಕಪಕ್ಕ ಓಡುವ ರೇಸ್‌ನಲ್ಲಿ ನನ್ನ ಟ್ರಕ್ಕೇ ಜೋರು. ಆದರೂ ಪ್ರತಿ ಸಲ ಸೋಲುತ್ತೇನೆ.

ನೀವು ಎತ್ತರ ಹಾರುತ್ತಿದ್ದೀರಿ, ಅಲ್ಲೇ ಹೊತ್ತು ಹೋಗುತ್ತಿದೆ. ಟ್ರಕ್ ಗಾಳಿಯಲ್ಲಿರುವಷ್ಟು ಹೊತ್ತು ಟೈರ್‌ಗೆ ತಳ್ಳಲು ನೆಲ ಇಲ್ಲ, ಸ್ಪೀಡ್ ಹೆಚ್ಚುವುದಿಲ್ಲ. ನಿಮ್ಮ ಪಕ್ಕದವನು ಹಾರಲು ಸಾಲಾಗಿ ಇಟ್ಟ ಚಿಕ್ಕ ಕಾರುಗಳ ಮೇಲೆ ತಗ್ಗಾಗಿ ಸವರಿಕೊಂಡು ಹೋಗಿ, ನೀವು ಇಳಿಯುವ ಮೊದಲೇ ಮತ್ತೆ ಥ್ರಾಟಲ್ ಒತ್ತುತ್ತಾನೆ. ದಿಬ್ಬಕ್ಕೆ ಮೊದಲು ಸ್ವಲ್ಪ ಕಡಿಮೆ ಮಾಡಿ, ಹತ್ತುವಾಗ ಸಮನಾಗಿ ಹಿಡಿಯಿರಿ. ಶುರುವಿನಲ್ಲಿ ಟ್ರಿಗರ್ ಕುಕ್ಕಬೇಡಿ, ಹಿಂಡಿ.

ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಟ್ರಕ್ ಬೇರೆಯದೇ ತರಹ ಎಳೆಯುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಅಭ್ಯಾಸ ಮಾಡಿ ಫುಲ್ ಬ್ಯಾಟರಿಯಲ್ಲಿ ರೇಸ್‌ಗೆ ಇಳಿದರೆ ಮೊದಲ ದಿಬ್ಬದಲ್ಲೇ ಲೆಕ್ಕ ತಪ್ಪುತ್ತದೆ. ಅಭ್ಯಾಸದ ಮೊದಲ ಎರಡು ಓಟವನ್ನಾದರೂ ಫುಲ್ ಬ್ಯಾಟರಿಯಲ್ಲೇ ಮಾಡಿ. ಪ್ರತಿ ಓಟಕ್ಕೂ ಮೊದಲು ಚಕ್ರದ ನಟ್ ಮತ್ತು ಲಿಂಕ್‌ನ ಸ್ಕ್ರೂ ಮುಟ್ಟಿ ನೋಡಿ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ಇಷ್ಟು ಮಾಡಿ ಮುಂದಿನ ರೇಸ್ ಹೇಗಾಯಿತು ಅಂತ ಬರೆಯಿರಿ, ನನಗೆ ನಿಜವಾಗಿಯೂ ತಿಳಿಯಬೇಕು.