ಅಜ್ಜನ ಹೋಟೆಲ್ ಎಷ್ಟು ಹಳೆಯದು?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿ ನಮ್ಮ ಅಜ್ಜನ ಹೋಟೆಲ್ ಇತ್ತು. ರಸ್ತೆ ಅಗಲ ಮಾಡುವಾಗ ಹೋಯಿತು. ಸ್ವಾತಂತ್ರ್ಯಕ್ಕಿಂತ ಮೊದಲಿನದು ಅಂತ ದೊಡ್ಡಪ್ಪ, ಅಲ್ಲವೇ ಅಲ್ಲ ಅಂತ ಅತ್ತೆ. ಉಳಿದಿರುವುದು ಒಂದು ದರಪಟ್ಟಿ ಬೋರ್ಡ್, ಒಂದು ಟ್ರಂಕ್ ತುಂಬ ಕಾಗದ. ಇದರ ಚರಿತ್ರೆ ಬರೆಯಬಹುದಾ?

ಉತ್ತರ: ಖಂಡಿತ ಬರೆಯಬಹುದು, ಬೋರ್ಡಿನಿಂದಲೇ ಶುರು ಮಾಡಿ. ದರ ಆಣೆಯಲ್ಲಿದೆಯಾ? ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ, ಹಾಗಾಗಿ ಆಣೆ ಇದ್ದರೆ ಬೋರ್ಡ್ ಹೆಚ್ಚುಕಡಿಮೆ ಅದಕ್ಕೂ ಹಿಂದಿನದು. 'ನ.ಪೈ.' (ನಯಾ ಪೈಸೆ) ಅಂತ ಇದ್ದರೆ 1957ರಿಂದ 1964ರ ಒಳಗಿನದು ಅನ್ನಬಹುದು, ಯಾಕೆಂದರೆ 1964ರ ಜೂನ್‌ನಲ್ಲಿ 'ನಯಾ' ಬಿಟ್ಟು ಬರೀ ಪೈಸೆ ಆಯಿತು.

ಆಮೇಲೆ ಬಿಲ್ ಪುಸ್ತಕ, ಲೆಟರ್‌ಹೆಡ್ ನೋಡಿ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ವಿಳಾಸದಲ್ಲಿ ಮೈಸೂರು ರಾಜ್ಯ ಅಂತ ಇದ್ದರೆ 1956ರ ನವೆಂಬರ್ 1ರಿಂದ 1973ರ ನಡುವಿನದು, ಅದಕ್ಕೂ ಮೊದಲು ನಮ್ಮ ಕಡೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು ಅಲ್ವಾ. ಉಡುಪಿ ಜಿಲ್ಲೆ ಅಂತ ಅಚ್ಚಾಗಿದ್ದರೆ 1997ರ ನಂತರದ್ದು. ಆದರೆ ಒಂದು ಎಚ್ಚರ. ಸಾವಿರ ಹಾಳೆ ಒಮ್ಮೆಗೇ ಅಚ್ಚು ಹಾಕಿಸಿದವರು ಅದು ಮುಗಿಯುವ ತನಕ ಬಿಸಾಡುವುದಿಲ್ಲ. ಪಿನ್ ಇಲ್ಲ ಅಂದ ಮಾತ್ರಕ್ಕೆ ಹಳೆಯದು ಅಂತ ತೀರ್ಮಾನ ಮಾಡಬೇಡಿ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದರೆ ಜಾಗ ಯಾವಾಗ ಯಾರ ಕೈಗೆ ಬಂತು ಅಂತ ಸಿಗಬಹುದು. ಜಾಗ ಕೊಂಡ ವರ್ಷವೇ ಒಲೆ ಹಚ್ಚಿದ ವರ್ಷ ಅಂತ ಮಾತ್ರ ಅಂದುಕೊಳ್ಳಬೇಡಿ, ದೊಡ್ಡಪ್ಪ ಎಡವಿರುವುದು ಅಲ್ಲೇ ಇರಬೇಕು. ಪಂಚಾಯತಿನ ಲೈಸೆನ್ಸ್ ರಸೀದಿ ಟ್ರಂಕಿನಲ್ಲಿದ್ದರೆ ಅದಕ್ಕೇ ಬೆಲೆ ಜಾಸ್ತಿ. ರಸ್ತೆಗೆ ಜಾಗ ಹೋಗುವಾಗ ಪರಿಹಾರ ಕೊಟ್ಟಿರುತ್ತಾರೆ, ಆ ಕಡತದಲ್ಲಿ ಕಟ್ಟಡದ ಅಳತೆಯೂ ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

ಇಷ್ಟೆಲ್ಲ ಕಾಗದದ ಕೆಲಸ, ಅದು ಕಾಯುತ್ತದೆ. ಮನುಷ್ಯರು ಕಾಯುವುದಿಲ್ಲ. ಗಲ್ಲಾದಲ್ಲಿ ಕೂತವರ ಕಥೆ ಮನೆಯಲ್ಲಿ ಹೇಗೂ ಇದೆ. ಅಡುಗೆ ಭಟ್ರು, ಸಪ್ಲೈಯರ್, ಬಾಳೆಎಲೆ ತೆಗೆಯುತ್ತಿದ್ದ ಹುಡುಗ (ಈಗ ಅಜ್ಜ ಆಗಿರುತ್ತಾರೆ), ಹಾಲು ತರುತ್ತಿದ್ದವರು, ಬಸ್ಸಿನ ಕಂಡಕ್ಟರು, ಇವರನ್ನು ಮೊದಲು ಹುಡುಕಿ ಮಾತಾಡಿಸಿ. ಸುಮ್ನೆ 'ಆ ಕಾಲ ಹೇಗಿತ್ತು' ಅಂತ ಕೇಳಿದರೆ 'ಒಳ್ಳೇದಿತ್ತು ಮಾರಾಯ್ರೆ' ಅಂತಾರೆ, ಮುಗಿಯಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಿದ್ದರು, ಸಂಬಳ ಎಷ್ಟು, ರಾತ್ರಿ ಎಲ್ಲಿ ಮಲಗುತ್ತಿದ್ದರು, ಗೋಳಿಬಜೆ ದಿನಾ ಇತ್ತಾ ಸಂತೆ ದಿನ ಮಾತ್ರವಾ ಅಂತ ಕೇಳಿ. ಯಾರನ್ನು ಒಳಗೆ ಕೂರಿಸುತ್ತಿದ್ದರು, ಯಾರಿಗೆ ಹೊರಗೆ ಬೇರೆ ಲೋಟ ಅನ್ನುವುದನ್ನೂ ಕೇಳಿ. ಆಗಿನ ಎಷ್ಟೋ ಹೋಟೆಲುಗಳಲ್ಲಿ ಅದು ಇತ್ತು. ಅಜ್ಜನ ಹೋಟೆಲ್ ಅಂತ ಅದನ್ನು ಬಿಟ್ಟು ಬರೆದರೆ ಚರಿತ್ರೆ ಆಗುವುದಿಲ್ಲ, ಜಾಹೀರಾತು ಆಗುತ್ತದೆ.

ಪ್ರಶ್ನೆ: ಬೆಂಗಳೂರಿನ ಎಂಟಿಆರ್ ಹೋಟೆಲ್ ನಮ್ಮ ಉಡುಪಿ ಕಡೆಯವರದ್ದು ಅಂತಾರೆ, ಹೌದಾ?

ಉತ್ತರ: ಹೌದು. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಆಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್, ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಅಂತ ಅವರು ಹೇಳುತ್ತಾರೆ.